ಬಸಲಿಂಗಕ್ಕನ ಸೊನ್ನೆ ನೀರು

ಮೊನ್ನೆ ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಮೆಕ್ಯಾನಿಕ್ ಬಂದಿದ್ದ. ಯಾದಗಿರಿಯ ಬೇಸಿಗೆಯಲ್ಲಿ ಮನುಷ್ಯರಿಗಿಂತ ಮೊದಲು ಬ್ಯಾಟರಿಗಳಿಗೆ ಬಾಯಾರುತ್ತದೆ. ಅವನು ಚೀಲದಿಂದ ಸೀಲು ಮಾಡಿದ ಡಬ್ಬಿಯೊಂದನ್ನು ತೆಗೆದು, "ಒಂದ್ ನಂಬರ್ ಶುದ್ಧ ನೀರ ನೋಡ್ರಿ ಮೇಡಂ" ಎಂದ. ನಾನು ಸುಮ್ಮನಿರಬಹುದಿತ್ತು. ಆದರೆ ಸರ್ವೀಸಿನ ಅಷ್ಟೂ ವರ್ಷಗಳನ್ನು ನೀರು ಪರೀಕ್ಷೆಯಲ್ಲೇ ಕಳೆದವಳ ಮುಂದೆ ಯಾರಾದರೂ ಶುದ್ಧ ನೀರು ಎಂದರೆ ಕೈ ತಡೆಯುವುದಿಲ್ಲ. ಅಂಗೈ ಚಾಚಿದೆ, ನಾಲ್ಕು ಹನಿ ಹಾಕಿಸಿಕೊಂಡೆ, ನಾಲಿಗೆಗೆ ಹಚ್ಚಿದೆ. ಮೆಕ್ಯಾನಿಕ್ ಹೌಹಾರಿದ. "ಏ ಏ, ಕುಡೀಬ್ಯಾಡ್ರಿ, ಬ್ಯಾಟರಿದದು!" ಪೇಪರಿನಿಂದ ಕಣ್ಣು ಎತ್ತದೆಯೇ ನಮ್ಮ ಯಜಮಾನರು ಅವನನ್ನು ಸಮಾಧಾನ ಮಾಡಿದರು: "ಬಿಡಪಾ, ಆಕಿ ಹಂಗಾ. ಮದುವ್ಯಾಗ ಪಾನಕ ಕೊಟ್ರೂ ಮೊದಲ ಬೆಳಕಿಗಿ ಹಿಡದು ನೋಡ್ತಾಳ."

ನಾಲಿಗೆಗೆ ಏನೂ ಸಿಗಲಿಲ್ಲ. ಉಪ್ಪಿಲ್ಲ, ಸಿಹಿಯಿಲ್ಲ, ಮಣ್ಣಿಲ್ಲ, ಕಬ್ಬಿಣವಿಲ್ಲ. ಅಪ್ಪಟ ಸಪ್ಪೆ. ಮೆಕ್ಯಾನಿಕ್ ಹೇಳಿದ್ದು ನಿಜವೇ ಇತ್ತು. ಆ ಸಪ್ಪೆಯ ಜೊತೆಗೆ ಬಸಲಿಂಗಕ್ಕ ನೆನಪಿಗೆ ಬಂದಳು. ಬಂದವಳು ಎರಡು ದಿನವಾದರೂ ಹೋಗಲಿಲ್ಲ.

ನೀವು ಎಂದಾದರೂ ಏನೂ ಇಲ್ಲದ ನೀರನ್ನು ಕುಡಿದಿದ್ದೀರಾ? ಕುಡಿದಿರಲಾರಿರಿ. ನಾವು ಬಾಯಿ ಚಪ್ಪರಿಸಿ ಸಿಹಿ ನೀರು ಎನ್ನುವುದೆಲ್ಲ ಭೂಮಿಯೊಳಗಿನ ಒಂದಿಷ್ಟು ಲವಣ ಕರಗಿಸಿಕೊಂಡು ಬಂದ ನೀರು. ಲವಣ ಮಿತಿಯಲ್ಲಿದ್ದರೆ ಸಿಹಿ, ಮೀರಿದರೆ ಸವಳು. ನಮ್ಮ ಕಡೆಯವರಿಗೆ ಇದು ಕಾಲೇಜಿಗೆ ಹೋಗದೆಯೇ ಗೊತ್ತು. ಶಹಾಪುರದಲ್ಲಿ ನನ್ನ ತವರು. ನನಗೆ ಬಂದ ಮೊದಲ ಸಂಬಂಧ ತಪ್ಪಿದ್ದೇ ನೀರಿನಿಂದ. ಹುಡುಗನ ಓದು, ಹೊಲ, ಎತ್ತರ ಎಲ್ಲ ಸರಿಯಿತ್ತು. ನೋಡಿಕೊಂಡು ಬರಲು ಹೋಗಿದ್ದ ಸೋದರತ್ತೆ ಮಾತ್ರ ಮರಳಿ ಬಂದವಳೇ, "ಅವರ ಬಾವಿ ನೀರಿಗಿ ತೊಗರಿ ಬ್ಯಾಳಿ ಕುದಿಯಂಗಿಲ್ಲ. ನಮ್ಮ ಹುಡುಗಿ ಜಲ್ಮೆಲ್ಲ ಒಲಿ ಮುಂದ ಕುಂದರಬೇಕೇನು?" ಎಂದು ಮಾತು ಮುಗಿಸಿಬಿಟ್ಟಳು. ಆ ಹುಡುಗ ಈಗ ಎಲ್ಲಿದ್ದಾನೋ, ಅವನ ಮನೆಯ ಬೇಳೆ ಬೆಂದಿತೋ ಇಲ್ಲವೋ, ನನಗೆ ತಿಳಿಯದು. ಅತ್ತೆಯ ಆ ವರದಿಯೇ ನಾನು ಕಂಡ ಮೊದಲ ನೀರು ಪರೀಕ್ಷೆ.

ಮುಂದೆ ನನಗೆ ಅದೇ ನೌಕರಿಯಾಯಿತು. ಪ್ರಯೋಗಾಲಯ ಯಾವ ಊರಿನಲ್ಲಿತ್ತು ಎಂದು ಹೇಳುವುದಿಲ್ಲ. ಶಹಾಪುರಕ್ಕೂ ಸುರಪುರಕ್ಕೂ ನಡುವೆ ಎಲ್ಲೋ ಒಂದು ಕಡೆ, ತಗಡಿನ ಮಾಡಿನ ಎರಡು ಕೋಣೆ, ಒಂದು ಪಡಸಾಲೆ ಎಂದುಕೊಳ್ಳಿ. ಮುಂದಿನ ಕೋಣೆಯಲ್ಲಿ ನಾನು, ನನ್ನ ಮೀಟರು, ನನ್ನ ತಕ್ಕಡಿ. ಹಿಂದಿನ ಕೋಣೆಯಲ್ಲಿ ನೀರನ್ನು ಕುದಿಸಿ ಆವಿ ಮಾಡಿ ಮತ್ತೆ ನೀರಾಗಿ ಇಳಿಸುವ ಯಂತ್ರ, ಮತ್ತು ಬಸಲಿಂಗಕ್ಕ. ಬಾಟಲಿ ತೊಳೆಯುವ ಕೆಲಸಕ್ಕೆ ನೇಮಕವಾಗಿದ್ದ ಆಕೆಗೆ ಆಗಲೇ ನಲವತ್ತೈದು ದಾಟಿತ್ತು. ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ ಎಲೆಯಡಿಕೆಯ ಚೀಲ, ದನಿ ಮಾತ್ರ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂಥದ್ದು. ಊರು ಕರೆಗುಡ್ಡದೊಡ್ಡಿ, ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಎಲ್ಲರೂ ಅದನ್ನು ಬರೀ ದೊಡ್ಡಿ ಎನ್ನುತ್ತಿದ್ದರು.

ಮೊದಲ ದಿನ ನಾನು ಯಂತ್ರ ತೋರಿಸಿ, "ಇದರಾಗ ದಿನಾ ನೀರ ಇಳಸಬೇಕ್ ನೋಡಕ್ಕ" ಎಂದಾಗ ಆಕೆ ನನ್ನ ಮುಖವನ್ನೇ ನೋಡಿದಳು. "ಅಕ್ಕೋರ, ಸರಕಾರಿ ಆಫೀಸಿನ್ಯಾಗ ಬಟ್ಟಿ ಇಳಸ್ತೀರೇನ್ರಿ?" ನಾನು ನಕ್ಕು, ಇದು ಬರೀ ನೀರಿನ ಬಟ್ಟಿ ಎಂದು ತಿಳಿಸಿ ಹೇಳಿದೆ. ಆಕೆಗೆ ಅದು ಇನ್ನೂ ವಿಚಿತ್ರವಾಗಿ ಕಂಡಿತು. ನೀರು ಹಾಕಿ, ನೀರು ಕುದಿಸಿ, ನೀರನ್ನೇ ತೆಗೆಯುವುದು! "ಏನ್ ಗಳಸಿದಂಗಾತ್ರಿ ಇದರಾಗ?" ಎಂದಳು. ಏನನ್ನೂ ಗಳಿಸಿದಂತಲ್ಲ, ಕಳೆದಂತೆ, ನೀರಿನಲ್ಲಿದ್ದದ್ದನ್ನೆಲ್ಲ ಕಳೆದು ಸೊನ್ನೆ ಮಾಡಿದಂತೆ ಎಂದೆ. ಅಂದಿನಿಂದ ಅದಕ್ಕೆ ಸೊನ್ನಿ ನೀರು ಎಂದೇ ಹೆಸರಾಯಿತು. ಬಾಟಲಿಗಳ ಮೇಲೆ ನಾನು ಅಂಟಿಸಿದ್ದ ಇಂಗ್ಲಿಷ್ ಚೀಟಿಗಳನ್ನು ಓದುವವರು ನನ್ನ ಹೊರತು ಯಾರೂ ಇರಲಿಲ್ಲ.

ಈ ಸೊನ್ನೆ ನೀರು ಯಾಕೆ ಬೇಕು ಎಂದು ನಿಮಗೂ ಅನಿಸಿರಬಹುದು. ಅಂಗಡಿಯವನು ತೊಗರಿ ತೂಗುವ ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ತೋರಿಸುತ್ತಾನಲ್ಲ, ಅದಕ್ಕೇ. ನೀರಿನಲ್ಲಿ ಎಷ್ಟು ಲವಣವಿದೆ ಎಂದು ಹೇಳುವ ಮೀಟರಿಗೆ ಪ್ರತಿ ಮುಂಜಾನೆ ಎರಡು ಪರೀಕ್ಷೆ. ಮೊದಲು ಸೊನ್ನೆ ನೀರಿನಲ್ಲಿ ಮುಳುಗಿಸಬೇಕು. ಒಂದೋ ಎರಡೋ ತೋರಿಸಿದರೆ ಪಾಸು. ಆಮೇಲೆ ಅದೇ ಸೊನ್ನೆ ನೀರಿನಲ್ಲಿ ಅಳೆದು ತೂಗಿ ಲವಣ ಕರಗಿಸಿದ ದ್ರಾವಣದಲ್ಲಿ ಮುಳುಗಿಸಬೇಕು. ಆಗ ಸಾವಿರದ ನಾಲ್ಕು ನೂರಾ ಹದಿಮೂರು ಬರಬೇಕು. ಈ ಎರಡೂ ಸರಿಯಾದ ಮೇಲೆಯೇ ಮೀಟರಿಗೆ ಊರಿನ ನೀರು ತೋರಿಸಬಹುದು. ಎರಡರಲ್ಲಿ ಒಂದು ತಪ್ಪಿದರೂ ಅಂದು ಯಾವ ಊರಿನ ಹಣೆಬರಹವನ್ನೂ ಬರೆಯುವಂತಿಲ್ಲ.

ಆ ಲವಣ ತೂಗುವುದೇ ಒಂದು ಪೂಜೆಯಾಗಿತ್ತು. ನೋಡಲು ಅಡುಗೆಯ ಉಪ್ಪಿನ ಹಾಗೇ ಇರುವ, ಆದರೆ ಅಡುಗೆಗೆ ಬಾರದ ಒಂದು ಬಿಳಿ ಪುಡಿ. ಅದನ್ನು ಬಿಸಿ ಪೆಟ್ಟಿಗೆಯಲ್ಲಿ ಒಣಗಿಸಿ, ಆರಿಸಿ, ಒಂದು ಲೀಟರಿಗೆ ಮುಕ್ಕಾಲು ಗ್ರಾಮಿಗಿಂತ ಕೂದಲೆಳೆಯಷ್ಟು ಕಡಿಮೆ ತೂಗಬೇಕು. ಗಾಳಿ ತಾಗಿದರೆ ತಕ್ಕಡಿಯ ಅಂಕಿ ಕುಣಿಯುತ್ತದೆ. ಹಾಗಾಗಿ ಫ್ಯಾನು ಬಂದ್, ಕಿಟಕಿ ಬಂದ್. ಮೇ ತಿಂಗಳು, ತಗಡಿನ ಮಾಡು. ನನ್ನ ಹಣೆಯಿಂದ ಬೆವರು ಇಳಿಯುತ್ತಿತ್ತು. ಬೆವರಿನಲ್ಲೂ ಉಪ್ಪಿದೆಯಲ್ಲ, ಒಂದು ಹನಿ ಬಿದ್ದರೆ ಎಲ್ಲ ಕೆಟ್ಟಿತು. ಬಸಲಿಂಗಕ್ಕ ನನ್ನ ಬೆನ್ನ ಹಿಂದೆ ನಿಂತು, ಉಸಿರು ಹಿಡಿದು, ಸೆರಗಿನ ತುದಿಯಿಂದ ನನ್ನ ಹಣೆ ಒರೆಸುತ್ತಿದ್ದಳು. ತೂಕ ಸರಿಯಾದ ಕೂಡಲೇ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟು ಫ್ಯಾನಿನ ಕೆಳಗೆ ಓಡುತ್ತಿದ್ದೆವು.

ಆಕೆಯ ಕೈ ಬಹಳ ಚೊಕ್ಕ. ಮೊದಮೊದಲು ಗಾಜಿನ ಸಾಮಾನನ್ನು ಬೂದಿ ಹಾಕಿ ತೆಂಗಿನ ಜುಂಗಿನಿಂದ ತಿಕ್ಕಿ ಫಳಫಳ ಹೊಳೆಸಿ ನನ್ನಿಂದ ಬೈಸಿಕೊಂಡದ್ದುಂಟು. ಒಮ್ಮೆ ತಿಳಿದ ಮೇಲೆ ಕೆಲಸದಲ್ಲಿ ಆಕೆಯೇ ನನಗೆ ಸಾಹೇಬಳಾದಳು. ಪ್ರತಿ ಬಾಟಲಿಯನ್ನೂ ಸೊನ್ನೆ ನೀರಿನಿಂದ ಮೂರು ಸಲ ಅಲುಗಿಸಿ ಚೆಲ್ಲಬೇಕು. ಆಕೆ ಅದನ್ನು ಬಾಯಿ ಮುಕ್ಕಳಿಸುವುದು ಎನ್ನುತ್ತಿದ್ದಳು. ನಾನು ಗಡಿಬಿಡಿಯಲ್ಲಿ ಎರಡಕ್ಕೇ ನಿಲ್ಲಿಸಿದರೆ, "ಇನ್ನೊಂದ್ ಸಲ ಮುಕ್ಕಳಸ್ರಿ ಅಕ್ಕೋರ, ನಾ ಎಣಸಾಕತ್ತೇನಿ" ಎಂದು ಹಿಂದಿನ ಕೋಣೆಯಿಂದಲೇ ಕೂಗುತ್ತಿದ್ದಳು. ಸದ್ದು ಕೇಳಿಯೇ ಎಣಿಸುತ್ತಿದ್ದಳೋ, ಊಹೆಯ ಮೇಲೋ, ನನಗೆ ಇಂದಿಗೂ ಗೊತ್ತಿಲ್ಲ.

ಒಂದು ಬೇಸಿಗೆಯಲ್ಲಿ ದೊಡ್ಡಿಗೆ ಹೊಸ ಬೋರು ಬಿತ್ತು. ನಾರಾಯಣಪುರದ ಕಾಲುವೆ ಆ ಊರಿನ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹರಿದು ಹೋಗುತ್ತದೆ, ಊರೊಳಗೆ ಬರುವುದಿಲ್ಲ. ಇದ್ದ ಎರಡು ಬಾವಿಯೂ ಸವಳು. ಹೆಣ್ಣುಮಕ್ಕಳು ಕುಡಿಯುವ ನೀರಿಗೆ ಗುಡ್ಡದಾಚೆಯ ತೋಟಕ್ಕೆ ಹೋಗಿ ಬರಬೇಕು. ಬಸಲಿಂಗಕ್ಕನೂ ನಸುಕಿನಲ್ಲಿ ಎರಡು ಕೊಡ ತಂದಿಟ್ಟೇ ಬಸ್ಸು ಹತ್ತುತ್ತಿದ್ದಳು. ಹೊಸ ಬೋರಿನ ನೀರು ಬಾಯಿಗೆ ಹಿತವಾಗಿದೆ ಎಂದು ಊರೆಲ್ಲ ಹೇಳುತ್ತಿತ್ತು. ಆದರೆ ಪಂಪು ಕೂಡಿಸಬೇಕಾದರೆ ನಮ್ಮ ಚೀಟಿ ಬೇಕು. ಪಂಪು ಕೂಡಿಸುವ ಗುತ್ತಿಗೆಯ ಸೂಪರ್‌ವೈಸರ್ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ: "ಶುಕ್ರವಾರ ಸಂಜಿತನಾ ಚೀಟಿ ಬಂದ್ರ ಶನಿವಾರ ದೊಡ್ಡಿಗೆ ಪಂಪ್. ಇಲ್ಲಂದ್ರ ಗಾಡಿ ಬ್ಯಾರೆ ಕಡಿ ಹೋಗ್ತದ, ಮತ್ತ ಎರಡ್ ತಿಂಗಳ ಆದಮ್ಯಾಲೆ ನೋಡೋಣ್ರಿ."

ಮಂಗಳವಾರ ನಾನು ಜೀಪಿನಲ್ಲಿ ಹೋಗಿ ನೀರು ಹಿಡಿದು ತಂದೆ. ಮರಳುವಾಗ ಬಸಲಿಂಗಕ್ಕ ಆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಮೇಲೆ ಸೆರಗು ಮುಚ್ಚಿ, ಬಾಣಂತಿ ಕೂತಂತೆ ಕೂತಿದ್ದಳು. ಜೀಪು ಎಗರಿದಾಗಲೆಲ್ಲ ಡ್ರೈವರನಿಗೆ ಬೈಗುಳ. ಅಂದೇ ಮಧ್ಯಾಹ್ನ ಉಳಿದ ಪರೀಕ್ಷೆಗಳೆಲ್ಲ ಮುಗಿದವು, ಎಲ್ಲದರಲ್ಲೂ ಪಾಸು. ಲವಣದ್ದೊಂದು ಬಾಕಿ. ಸವಳು ಸೀಮೆಯಲ್ಲಿ ಅದೇ ದೊಡ್ಡ ಪರೀಕ್ಷೆ. ನಾಳೆ ಮುಂಜಾನೆ ಮೀಟರು ತಾಜಾ ಇರುವಾಗ ಮಾಡೋಣ ಎಂದೆ. ಆಕೆ ಅಂದು ಸಂಜೆ ಸ್ವಲ್ಪ ತಡವಾಗಿ ಹೊರಟಳು. ನಾನು ಕೇಳಲಿಲ್ಲ.

ಬುಧವಾರ ಮುಂಜಾನೆ ಎಂದಿನಂತೆ ಆಕೆ ತುಂಬಿಸಿ ತಂದಿಟ್ಟ ಸೊನ್ನೆ ನೀರಿನಲ್ಲಿ ಮೀಟರನ್ನು ಮುಳುಗಿಸಿದೆ. ನೂರಾ ಹನ್ನೆರಡು. ಕನ್ನಡಕ ಒರೆಸಿ ಮತ್ತೆ ನೋಡಿದೆ. ನೂರಾ ಹನ್ನೆರಡೇ. ಲವಣದ ದ್ರಾವಣವನ್ನು ಹೊಸದಾಗಿ ಮಾಡಿ ಮುಳುಗಿಸಿದೆ. ಸಾವಿರದ ನಾಲ್ಕು ನೂರಾ ಹದಿಮೂರು ಬರಬೇಕಾದಲ್ಲಿ ಸಾವಿರದ ಐದು ನೂರಾ ಇಪ್ಪತ್ತೈದು. ಇಲ್ಲಿ ನೀವು ಒಂದು ಸಣ್ಣ ಕಳೆಯುವ ಲೆಕ್ಕ ಮಾಡಿದರೆ ಎಲ್ಲ ತಿಳಿಯುತ್ತದೆ. ಎರಡೂ ಕಡೆ ಹೆಚ್ಚಿಗೆ ಬಂದದ್ದು ಅದೇ ನೂರಾ ಹನ್ನೆರಡು. ಎರಡು ಕಡೆಯೂ ಅಷ್ಟೇ ತಪ್ಪಿದರೆ ತಪ್ಪು ಮೀಟರಿನದಲ್ಲ, ಎರಡರಲ್ಲೂ ಇರುವ ನೀರಿನದು. ನಾಲ್ಕನೆಯ ಇಯತ್ತೆಯ ಹುಡುಗಿಯೂ ಹೇಳಬಹುದಾದ ಮಾತು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಅದರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ನನಗೆ ಮಾತ್ರ ಹೊಳೆಯಲಿಲ್ಲ.

ಯಾಕೆ ಹೊಳೆಯಲಿಲ್ಲ ಎಂದರೆ, ನಾನು ಎಲ್ಲವನ್ನೂ ಅನುಮಾನಿಸಿದೆ, ನೀರನ್ನು ಅನುಮಾನಿಸಲಿಲ್ಲ. ಮೀಟರಿನ ಸೆಲ್ಲು ಬದಲಿಸಿದೆ. ಮುಳುಗಿಸುವ ಕಡ್ಡಿಯನ್ನು ತೊಳೆದು ಒಣಗಿಸಿ ಮತ್ತೆ ತೊಳೆದೆ. ತಕ್ಕಡಿಯನ್ನು ಅನುಮಾನಿಸಿದೆ, ಕರೆಂಟನ್ನು ಬೈದೆ, ನನ್ನ ಬೆವರನ್ನೂ ಬಿಡಲಿಲ್ಲ. ಒಮ್ಮೆ ಮಾತ್ರ ಸುಮ್ಮನೆ ಕೇಳಿದೆ, "ಸೊನ್ನಿ ನೀರ ತಾಜಾ ಅದಾವಲ್ಲಕ್ಕ?" ಬಸಲಿಂಗಕ್ಕ ಎದೆ ಮುಟ್ಟಿಕೊಂಡು, "ನಿನ್ನಿ ಸಂಜಿಗಿ ನಾನಾ ಇಳಸೇನ್ರಿ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಬಸಲಿಂಗಕ್ಕ ಇಳಿಸಿದ ನೀರು ಎಂದರೆ ನನಗೆ ಮೇಲೆ ಕೇಳುವುದೇನೂ ಇರಲಿಲ್ಲ.

ಗುರುವಾರವೂ ಅದೇ ಹಾಡು. ಮೀಟರು ಕೆಟ್ಟಿದೆ, ರಿಪೇರಿಗೆ ಕಳಿಸಿದರೆ ಎರಡು ತಿಂಗಳು ಎಂದು ನಾನು ತೀರ್ಮಾನಿಸಿದೆ. ಸಂಜೆ ಸೂಪರ್‌ವೈಸರ್ ತಾನೇ ಬಂದ. ಹಕೀಕತ್ತು ಕೇಳಿ, ಮೀಟರಿನ ಹಿಂಬದಿಯಲ್ಲಿದ್ದ ಪುಟ್ಟ ತಿರುಪನ್ನು ಬೆರಳಿನಿಂದ ತೋರಿಸಿದ. "ಮೇಡಂ, ಅದನ್ನಷ್ಟ ತಿರುವಿ ಸೊನ್ನಿಗಿ ತಂದಬಿಡ್ರಿ. ಯಾರ್ ನೋಡ್ತಾರ? ಪಾಪ, ನಿಮ್ಮ ಬಸಲಿಂಗಕ್ಕನ ಊರ ಬ್ಯಾರೆ ಅದು." ಅವನು ಕೆಟ್ಟವನಲ್ಲ. ಅವನಿಗೂ ದೊಡ್ಡಿಯ ಹೆಣ್ಣುಮಕ್ಕಳ ಮೇಲೆ ಕನಿಕರವಿತ್ತು. ಅವನು ಹೋದ ಮೇಲೆ, ನಿಜ ಹೇಳುತ್ತೇನೆ, ನಾನು ಡ್ರಾದಿಂದ ಸಣ್ಣ ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡೆ. ಎರಡು ತಿಂಗಳು ನಸುಕಿನಲ್ಲಿ ಗುಡ್ಡ ಹತ್ತಿ ಇಳಿಯುವವಳು ಬಾಗಿಲಲ್ಲೇ ನಿಂತಿದ್ದಳು. ಆಕೆಯ ಮುಖ ನೋಡಿಕೊಂಡು ನಿಯಮ ಪಾಲಿಸುವುದು ಸುಲಭವಿರಲಿಲ್ಲ.

ಬಸಲಿಂಗಕ್ಕ ಒಳಗೆ ಬಂದು ಕೇಳಿದಳು. "ಅಕ್ಕೋರ, ಅದನ್ನ ತಿರುವಿದ್ರ ನಮ್ಮೂರ ನೀರ ಪಾಸ್ ಆಗ್ತಾವೇನ್ರಿ?"

"ಆಗಬಹುದಕ್ಕ."

"ಖರೇನಾ ಪಾಸ್ ಆಗ್ತಾವೋ, ಬರೇ ಹಾಳ್ಯಾಗ ಅಷ್ಟೋ?"

ಹಾಳೆಯಲ್ಲಿ ಮಾತ್ರ ಎಂದೆ. ಆಕೆ ನನ್ನ ಕೈಯಿಂದ ಸ್ಕ್ರೂಡ್ರೈವರನ್ನು ತೆಗೆದುಕೊಂಡು ಡ್ರಾದಲ್ಲಿಟ್ಟಳು. "ಬ್ಯಾಡ್ರಿ. ಎರಡ್ ತಿಂಗಳ ಹೊರತೀವಿ. ಹುಟ್ಟಿದಾಗಿಂದ ಹೊತ್ತೀವಿ, ಇದೊಂದ್ ಭಾರಾಗಂಗಿಲ್ಲ. ಹಸಗೂಸ ಕುಡಿಯೋ ನೀರದು, ಸುಳ್ಳ ಆಗಬಾರದು." ಅಷ್ಟು ಹೇಳಿ ಬಾಟಲಿ ತೊಳೆಯಲು ಹೋದಳು. ನಲ್ಲಿಯ ಸದ್ದಿನ ನಡುವೆ ಆಕೆ ಮೂಗು ಏರಿಸಿಕೊಳ್ಳುವುದು ನನಗೆ ಕೇಳಿತು. ನಾನು ಆ ಸಂಜೆಯಷ್ಟು ಯಾರನ್ನೂ ಗೌರವಿಸಿದ್ದಿಲ್ಲ, ನನ್ನ ಬಗ್ಗೆ ಅಷ್ಟು ನಾಚಿಕೆಪಟ್ಟದ್ದೂ ಇಲ್ಲ.

ಶುಕ್ರವಾರ ಮಧ್ಯಾಹ್ನ. ಮೀಟರನ್ನು ಹಳೆಯ ಪೆಟ್ಟಿಗೆಯಲ್ಲಿಟ್ಟು, ರಿಪೇರಿಯ ಪತ್ರ ಬರೆದು ಮುಗಿಸಿದ್ದೆ. ಮನೆಯಿಂದ ತಂದ ನೀರು ಹನ್ನೊಂದಕ್ಕೇ ಖಾಲಿಯಾಗಿತ್ತು. ಗಂಟಲು ಒಣಗಿ ಹಿಂದಿನ ಕೋಣೆಗೆ ಹೋದೆ. ಮೂಲೆಯಲ್ಲಿ, ಹಸಿ ಮರಳಿನ ಮೇಲೆ, ಒದ್ದೆ ಬಟ್ಟೆ ಸುತ್ತಿದ ಒಂದು ಹೊಸ ಮಣ್ಣಿನ ಹರವಿ ಕಂಡಿತು. ಕೊರಳಿಗೆ ಅರಿಸಿನ ಹಚ್ಚಿದ ದಾರ. ಬಸಲಿಂಗಕ್ಕ ಕುಡಿಯುವ ನೀರಿಗೆ ತಂದಿಟ್ಟಿದ್ದಾಳೆ, ಪುಣ್ಯಾತ್ಗಿತ್ತಿ ಎಂದುಕೊಂಡು ಒಂದು ಲೋಟ ಬಗ್ಗಿಸಿ ಗಟಗಟನೆ ಕುಡಿದೆ. ಏನು ಹೇಳಲಿ! ತಂಪು, ಮಣ್ಣಿನ ವಾಸನೆ, ಹಿತವಾದ ಸಿಹಿ. ಇನ್ನೊಂದು ಲೋಟ ಕುಡಿದೆ. ಬಾಗಿಲಲ್ಲಿ ಬಂದು ನಿಂತ ಬಸಲಿಂಗಕ್ಕನಿಗೆ, "ಯಕ್ಕಾ, ಎಂಥ ಸಿಹಿ ನೀರ ಇವು! ಯಾವ ಬಾವ್ಯಾಗಿನವು?" ಎಂದೆ.

"ಯಾವ ಬಾವಿ ಬಂತ್ರಿ? ನಮ್ಮ ಸೊನ್ನಿ ನೀರಾ ಅಲ್ಲೇನ್ರಿ ಅವು!"

ನಾನು ಲೋಟ ಹಿಡಿದುಕೊಂಡೇ ನಿಂತೆ. ಸೊನ್ನೆ ನೀರು ಸಿಹಿಯಾಗುವುದೆಂತು? ಸಿಹಿಯಾದರೆ ಅದು ಸೊನ್ನೆಯಾಗಿ ಉಳಿದೀತೆ?

ಆಕೆ ಬಹಳ ಅಭಿಮಾನದಿಂದ ವಿವರಿಸಿದಳು. ದೊಡ್ಡಿಯಲ್ಲಿ ಹೊಸ ಬಾವಿಗೆ ನೀರು ಬಂದರೆ ಒಂದು ಪದ್ಧತಿಯುಂಟು. ಹೊಸ ನೀರನ್ನು ಹಾಗೇ ಕುಡಿಯುವುದಿಲ್ಲ. ಪಕ್ಕದಲ್ಲಿ, ಹೊಸ ಹರವಿಗೆ ಅರಿಸಿನದ ದಾರ ಕಟ್ಟಿ, ಊರು ನಂಬಿದ ನೀರನ್ನು ತುಂಬಿಡುತ್ತಾರೆ. ಅದು ಸಾಕ್ಷಿಯ ನೀರು. ಹಿರಿಯರು ಮೊದಲು ಸಾಕ್ಷಿಯ ನೀರು ಕುಡಿದು, ಆಮೇಲೆ ಹೊಸ ನೀರು ಕುಡಿದು, ನಡೆಯುತ್ತದೆ ಎಂದರೆ ಊರು ಕುಡಿಯುತ್ತದೆ. "ನೀವಾ ಹೇಳಿದ್ರಲ್ರೀ, ಇಡೀ ಜಿಲ್ಲಾದಾಗ ಇದಕ್ಕಿಂತ ಶುದ್ಧ ನೀರಿಲ್ಲಂತ? ನಮ್ಮೂರ ನೀರಿಗಿ ಸಾಕ್ಷಿ ಹೇಳೋ ನೀರ ಪ್ಲಾಸ್ಟಿಕ್ ಡಬ್ಬ್ಯಾಗ ಬಿಸ್ಲಿಗಿ ಕುಂತಿದ್ರ ಚಂದ ಕಾಣಸ್ತದೇನ್ರಿ? ಮಂಗಳಾರ ಸಂಜಿಗಿ ಕುಂಬಾರ ಮನಿಗಿ ಹೋಗಿ ತಂದೆ. ಡಬ್ಬಿ ತೊಳದು ಬೋರಲ ಹಾಕೀನಿ."

ಮೂರು ದಿನದಿಂದ ನಮ್ಮ ಸೊನ್ನೆ ನೀರು ಹೊಸ ಹರವಿಯ ಮಣ್ಣನ್ನು ಚಪ್ಪರಿಸುತ್ತ ಕೂತಿತ್ತು. ಅಷ್ಟು ಶುದ್ಧವಾದ ನೀರು ಸಿಕ್ಕಿದ್ದನ್ನೆಲ್ಲ ಕರಗಿಸಿಕೊಳ್ಳುತ್ತದೆ. ಪಾಪದ ಮೀಟರು ಮೂರು ದಿನದಿಂದ ನಿಜವನ್ನೇ ಹೇಳುತ್ತಿತ್ತು. ನಾನು ಅದನ್ನು ಪೆಟ್ಟಿಗೆಯಲ್ಲಿ ಹಾಕಿದ್ದೆ.

ನನಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಒರಗಿ ನಕ್ಕೆ. ಬಸಲಿಂಗಕ್ಕ ಮೊದಲು ತಿಳಿಯದೆ ನೋಡಿದಳು, ತಿಳಿದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಳು. "ಅಯ್ಯ ನಮ್ಮವ್ವ! ನನ್ ಕೈಯಾರೆ ನಮ್ಮೂರ ನೀರ ನಿಂದ್ರಿಸೇನಲ್ಲೋ ಶಿವನೇ!"

"ನೀ ನಿಂದ್ರಿಸಿಲ್ಲಕ್ಕ, ನನ್ನ ಬುದ್ಧಿ ನಿಂತಿತ್ತು. ಏಳ, ಯಂತ್ರ ಹಚ್ಚ. ಇನ್ನಾ ಒಂದೂವರಿ ಆಗ್ಯಾದ."

ಡಬ್ಬಿ ಮೂರು ಸಲ ಮುಕ್ಕಳಿಸಿತು, ಬಾಟಲಿಗಳು ಮುಕ್ಕಳಿಸಿದವು. ಯಂತ್ರ ಕುದಿಯತೊಡಗಿ ಮೊದಲ ಹನಿ ಇಳಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಆಗ ನಾವಿಬ್ಬರು ದೇವರಿಗೂ ಕರೆಂಟಿನವರಿಗೂ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬಸಲಿಂಗಕ್ಕ ಅಬ್ಬೆತುಮಕೂರಿನ ಮಠಕ್ಕೆ ಒಂದು ಕಾಯಿ ಹರಕೆ ಹೊತ್ತಳು. ಹತ್ತು ನಿಮಿಷಕ್ಕೆ ಎರಡು ಕಾಯಿ ಮಾಡಿದಳು. ಐದು ಕಾಯಿಗೆ, ಮೂರೂಕಾಲಿಗೆ, ಫ್ಯಾನು ತಿರುಗಿತು. ಆಕೆ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಹನಿಗಳನ್ನು ನೋಡುತ್ತ, "ಬರ್ರವ್ವ, ಬರ್ರಿ, ಜಲ್ದಿ ಬರ್ರಿ" ಎಂದು ಕರೆಯುತ್ತಿದ್ದಳು. ಹಸುವಿಗೆ ಹಾಲು ಬಿಡಲು ಹೇಳುವ ದನಿ ಅದು.

ಐದಕ್ಕೆ ಸ್ವಲ್ಪ ಮೊದಲು ನಮಗೆ ಬೇಕಾದಷ್ಟು ನೀರು ಇಳಿಯಿತು. ಮೀಟರನ್ನು ಪೆಟ್ಟಿಗೆಯಿಂದ ತೆಗೆದು, ಮನಸ್ಸಿನಲ್ಲೇ ಕ್ಷಮೆ ಕೇಳಿ, ಮುಳುಗಿಸಿದೆ. ಬಸ್ಸಿನ ನಂಬರು ಓದಿ ಓದಿ ಅಂಕಿ ಕಲಿತಿದ್ದ ಬಸಲಿಂಗಕ್ಕ ನನಗಿಂತ ಮೊದಲೇ ಕೂಗಿದಳು: "ಎರಡ್ರೀ!" ಫ್ಯಾನು ಬಂದ್ ಮಾಡಿ, ಲವಣ ತೂಗಿ, ಹಣೆ ಒರೆಸಿಸಿಕೊಂಡು ದ್ರಾವಣ ಮಾಡಿದೆ. ಸಾವಿರದ ನಾಲ್ಕು ನೂರಾ ಹದಿಮೂರು. ಒಂದು ಅಂಕಿಯೂ ಆಚೀಚೆಯಿಲ್ಲ. ಆಮೇಲೆ ದೊಡ್ಡಿಯ ಬಾಟಲಿ. ಆಕೆ ಕಣ್ಣು ಮುಚ್ಚಿಕೊಂಡಳು. ಮೀಟರು ನಿಂತ ಅಂಕಿಯಿಂದ ಲೆಕ್ಕ ಹಾಕಿದೆ. ಮಿತಿಯೊಳಗೆ, ಅದೂ ಅಂಚಿನಲ್ಲಲ್ಲ, ಧಾರಾಳವಾಗಿ ಒಳಗೆ.

"ಪಾಸ್ ಆದ್ವಕ್ಕ. ಖರೇನಾ ಪಾಸು."

ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಚೀಟಿಯಲ್ಲಿ ಕುಡಿಯಲು ಯೋಗ್ಯ ಎಂದು ಬರೆದು ಸಹಿ ಮಾಡಿದೆ. ಅದನ್ನು ಮೂರು ಸಲ ಓದಿಸಿಕೊಂಡಳು. ಸೂಪರ್‌ವೈಸರ್ ಚೀಟಿ ಒಯ್ಯಲು ಬಂದಾಗ, "ತಿರುಪು ತಿರುವಿದ್ರೇನು?" ಎಂದು ಕಣ್ಣು ಮಿಟುಕಿಸಿದ. ಬಸಲಿಂಗಕ್ಕ ಅವನಿಗೆ ಕೊಟ್ಟ ಉತ್ತರ ಬಸ್ ಸ್ಟ್ಯಾಂಡಿಗೆ ಖಂಡಿತ ಕೇಳಿಸಿರಬೇಕು. ಶನಿವಾರ ದೊಡ್ಡಿಗೆ ಪಂಪು ಕೂತಿತು.

ಮುಂದೆ ಸಿದ್ಧ ದ್ರಾವಣಗಳು ಸೀಲು ಮಾಡಿದ ಬಾಟಲಿಗಳಲ್ಲಿ ಕೊರಿಯರಿನಲ್ಲಿ ಬರತೊಡಗಿದವು. ಯಂತ್ರ ಮೂಲೆ ಸೇರಿತು, ಬಸಲಿಂಗಕ್ಕ ಕೆಲಸ ಬಿಟ್ಟು ಊರು ಸೇರಿದಳು, ನಾನು ಯಾದಗಿರಿ ಸೇರಿದೆ. ಆಗೊಮ್ಮೆ ಈಗೊಮ್ಮೆ ಹಬ್ಬಕ್ಕೆ ಒಂದು ಫೋನು, ಅಷ್ಟೇ. ಮೆಕ್ಯಾನಿಕ್ ಹೋದ ಎರಡನೆಯ ದಿನ ನಾನೇ ಫೋನು ಮಾಡಿದೆ. ಬ್ಯಾಟರಿ ನೀರು ನೆಕ್ಕಿದ ಕಥೆ ಹೇಳಿದೆ. ಆಕೆ ನಕ್ಕಳು, ಮೊಮ್ಮಕ್ಕಳನ್ನು ಕರೆದು ಅವರಿಗೂ ಹೇಳಿ ಮತ್ತೆ ನಕ್ಕಳು. ಆಮೇಲೆ ದನಿ ಸ್ವಲ್ಪ ಇಳಿಸಿ ಕೇಳಿದಳು.

"ಅಕ್ಕೋರ, ಒಂದ್ ಮಾತ ಕೇಳ್ಲೇನ್ರಿ? ನಮ್ಮೂರ ನೀರ ಎಷ್ಟ ಸಲ ಬಂದು ಹಿಡಕೊಂಡ ಹೋಗೀರಿ. ಪಾಸ್ ಮಾಡೀರಿ. ಒಂದ್ ಗುಟುಕರ ಕುಡದೀರೇನ್ರಿ?"

ಕುಡಿದಿರಲಿಲ್ಲ. ಹಳ್ಳಿಗೆ ಹೋದಾಗಲೆಲ್ಲ ಜೀಪಿನಲ್ಲಿ ನನ್ನ ಸ್ವಂತ ಬಾಟಲಿ ಇರುತ್ತಿತ್ತು. ಎಲ್ಲರ ನೀರಿನ ಒಳಗುಟ್ಟು ತಿಳಿದವರು ಯಾರ ಮನೆಯ ನೀರನ್ನೂ ಕುಡಿಯುವುದಿಲ್ಲ, ಅದು ನಮ್ಮ ಕಸುಬಿನ ಅಹಂಕಾರ. ದೊಡ್ಡಿಯ ನೀರನ್ನು ಕುಡಿಯಲು ಯೋಗ್ಯ ಎಂದು ಸಹಿ ಮಾಡಿದ ಕೈ ನನ್ನದು. ಕುಡಿದ ಬಾಯಿ ಮಾತ್ರ ನನ್ನದಲ್ಲ.

ಭಾನುವಾರ ಯಜಮಾನರನ್ನು ಎಬ್ಬಿಸಿಕೊಂಡು ದೊಡ್ಡಿಗೆ ಹೊರಟೆ. ಬಾಟಲಿ ಒಯ್ಯಲಿಲ್ಲ. ಶಹಾಪುರ ದಾಟುವಷ್ಟರಲ್ಲೇ ಗಂಟಲು ಒಣಗಿತು, ದಾರಿಯಲ್ಲಿ ಎಲ್ಲೂ ಗಾಡಿ ನಿಲ್ಲಿಸಗೊಡಲಿಲ್ಲ. ಬಸಲಿಂಗಕ್ಕ ಅಂಗಳದಲ್ಲೇ ಕಾಯುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿದೆ, ಬೆನ್ನು ಸ್ವಲ್ಪ ಬಾಗಿದೆ, ದನಿಗೆ ಏನೂ ಆಗಿಲ್ಲ. ಮನೆಯ ಮುಂದಿನ ನಲ್ಲಿಯನ್ನು ತಾನೇ ತಿರುಗಿಸಿ, ತಂಬಿಗೆಯನ್ನು ಒಂದು ಸಲ, ಎರಡು ಸಲ, ಮೂರು ಸಲ ಅಲುಗಿಸಿ ಚೆಲ್ಲಿ, ತುಂಬಿಸಿ ನನ್ನ ಕೈಗಿತ್ತಳು. ಓಣಿಯ ನಾಲ್ಕೈದು ಹೆಂಗಸರು ಕೊಡ ಹಿಡಿದುಕೊಂಡೇ ನೋಡುತ್ತ ನಿಂತರು.

ನಾನು ತಲೆಯೆತ್ತಿ ಕುಡಿದೆ. ಅಭ್ಯಾಸ ಬಲದಿಂದ ನಾಲಿಗೆ ಎಣಿಸಲು ಹೊರಟಿತು, ಇಷ್ಟು ಲವಣ, ಇಷ್ಟು ಸುಣ್ಣ, ತುಸು ಕಬ್ಬಿಣ. ಎರಡನೆಯ ಗುಟುಕಿಗೆ ಎಣಿಕೆ ತಪ್ಪಿತು, ಮೂರನೆಯದಕ್ಕೆ ಮರೆತೇಹೋಯಿತು. ತಂಬಿಗೆ ಬರಿದಾಗುವವರೆಗೆ ಕೆಳಗಿಳಿಸಲಿಲ್ಲ. ಕುತ್ತಿಗೆಯಿಂದ ಸೀರೆಯವರೆಗೆ ಒದ್ದೆಯಾಗಿತ್ತು.

"ಹೆಂಗ ಅದಾವ್ರಿ ನಮ್ಮೂರ ನೀರ?" ಬಸಲಿಂಗಕ್ಕ ಕೇಳಿದಳು.

ಜೀವಮಾನವೆಲ್ಲ ಆ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಬರೆದವಳು ನಾನು. ಖಾಲಿ ತಂಬಿಗೆಯನ್ನು ಆಕೆಯ ಕೈಗಿಟ್ಟು ಹೇಳಿದೆ:

"ಇನ್ನೊಂದ್ ತಂಬಿಗಿ ಕೊಡಕ್ಕ."